ಒಂದೇ ಸಲ ಕೇಳುವ ಊರು

ಹೊರಡುವ ಮೊದಲು

ವಿದೇಶಕ್ಕೆ ಹೋಗಿ ಬಂದವರು ಬರೆಯಲು ಕೂತರೆ ಮೊದಲ ಸಾಲಿನಲ್ಲೇ ಊರಿನ ಹೆಸರು ಬಂದುಬಿಡುತ್ತದೆ. ನನಗೆ ಆ ಭಾಗ್ಯವಿಲ್ಲ. ನಾನು ಹೋಗಿದ್ದು ಇಂಗ್ಲೆಂಡಿಗೆ, ಅದರ ಉತ್ತರದ ಕಡೆಯ ಒಂದು ಊರಿಗೆ. ಅದಕ್ಕಿಂತ ಹೆಚ್ಚು ಹೇಳುವುದಿಲ್ಲವೆಂದು ಅಲ್ಲಿನವರಿಗೆ ಮಾತು ಕೊಟ್ಟು ಬಂದಿದ್ದೇನೆ. ಅಲ್ಲಿ ಕಂಡವರ ಹೆಸರುಗಳೂ ಅಷ್ಟೇ, ಒಂದೂ ನಿಜವಲ್ಲ. ಒಡಹುಟ್ಟಿದ ತಂಗಿಯನ್ನೇ ಇಲ್ಲಿ ವಸು ಎಂದು ಕರೆಯಬೇಕಾಗಿದೆ. ಬರೆಯಲೇ ಎಂದು ಅವಳನ್ನು ಕೇಳಿದಾಗ "ಹೆಸ್ರು ಬದ್ಲಾಯ್ಸಿ ಬರ್ಕೋ" ಎಂದಳು. ಹಾಲು ಹಾಕುವವನ ಮಗಳ ಸೀಮಂತದ ಸುದ್ದಿಯನ್ನೂ ಇಡೀ ಹೋಬಳಿಗೆ ಹಂಚಿ ಬಂದ ಮೇಲೆಯೇ ತಿಂಡಿ ತಿನ್ನುವ ನನ್ನಂಥವಳಿಗೆ ಇದು ಎಂಥ ಶಿಕ್ಷೆಯೆಂದು ನೀವೇ ಊಹಿಸಿಕೊಳ್ಳಿ.

ಯಸಳೂರಿನ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಆಳುಗಳಿಗೆ ಕೆಲಸ ಹಂಚುವುದು, ಬೈಯುವುದು, ಬೈದ ಮೇಲೆ ಊಟಕ್ಕೆ ಕೂರಿಸುವುದು, ಎಲ್ಲ ನನ್ನ ಪಾಲು. ಯಜಮಾನರು ಸಕಲೇಶಪುರಕ್ಕೆ ಹೋಗಿ ಕಾಫಿ ರೇಟು ಕೇಳಿಕೊಂಡು ಬಂದು ನಿಟ್ಟುಸಿರು ಬಿಡುವ ಕೆಲಸ ನೋಡಿಕೊಳ್ಳುತ್ತಾರೆ. ತಂಗಿ ನನಗಿಂತ ತುಂಬ ಚಿಕ್ಕವಳು. ನರ್ಸಿಂಗ್ ಓದಿದಳು. ಎರಡು ಸಾವಿರದ ಇಸವಿಯ ಆಚೀಚೆ ಇಂಗ್ಲೆಂಡಿನ ಆಸ್ಪತ್ರೆಗಳು ನಮ್ಮ ದೇಶದ ನರ್ಸುಗಳನ್ನು ಕರೆಸಿಕೊಳ್ಳುತ್ತಿದ್ದವಲ್ಲ, ಆಗ ಹೋದವಳು. ಮೂವತ್ತು ದಾಟಿದರೂ ಮದುವೆಯ ಮಾತು ಎತ್ತಿರಲಿಲ್ಲ.

ಅಪ್ಪಾಜಿ ಎತ್ತಿದರು. ಎತ್ತಿದ್ದಷ್ಟೇ ಅಲ್ಲ, ಆಲೂರಿನ ಒಂದು ಮನೆಯವರಿಗೆ ಮಾತನ್ನೂ ಕೊಟ್ಟುಬಿಟ್ಟರು. ಹುಡುಗ ಒಳ್ಳೆಯವನು, ಮನೆತನ ನಮ್ಮವರದ್ದೇ, ತೋಟ ನಮ್ಮದಕ್ಕಿಂತ ದೊಡ್ಡದು. ವಸು ಫೋನಿನಲ್ಲಿ "ಬೇಡ" ಎಂದಳು. ಇನ್ನೊಮ್ಮೆ ಮಾಡಿದಾಗಲೂ "ಬೇಡ" ಎಂದಳು.

ಅಪ್ಪಾಜಿ ನನ್ನನ್ನು ತವರಿಗೆ ಕರೆಸಿ ಜಗಲಿಯಲ್ಲಿ ಕೂರಿಸಿಕೊಂಡರು. "ಹೆಣ್ಮಕ್ಳು ಮೊದ್ಲು ಬ್ಯಾಡ ಅಂತಾನೇ ಅನ್ನೋದು ಕಣವ್ವ. ನಿಮ್ಮವ್ವನೂ ಅಂದಿದ್ಲು. ನೀನೇ ಹೋಗು. ಎದ್ರುಗಡೆ ಕೂರ್ಸ್ಕಂಡು ಕೇಳು. ಹೂಂ ಅನ್ನೋಗಂಟ ಬಿಡ್ಬ್ಯಾಡ."

ಒಳಗೆ ಅಡುಗೆಮನೆಯಲ್ಲಿ ಅವ್ವ ಪಾತ್ರೆ ತೊಳೆಯುತ್ತಿದ್ದರು. ಪಾತ್ರೆಯ ಸದ್ದು ಜೋರಾಯಿತು.

ನನ್ನನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಒತ್ತಾಯ ಮಾಡುವುದರಲ್ಲಿ ನನ್ನದು ಎತ್ತಿದ ಕೈ. ಮದುವೆ ಮನೆಯಲ್ಲಿ ಉಪಚಾರಕ್ಕೆ ನಾನು ನಿಂತರೆ ಯಾವ ಪಂಕ್ತಿಯವರೂ ಸಲೀಸಾಗಿ ಏಳುವ ಹಾಗಿಲ್ಲ. ಎಲೆಯ ಮೇಲೆ ಎರಡೂ ಕೈ ಅಡ್ಡ ಇಟ್ಟವರಿಗೂ ಬೆರಳ ಸಂದಿಯಿಂದ ಹೋಳಿಗೆ ಜಾರಿಸಿದವಳು ನಾನು. ತಂಗಿಯ ಬಾಯಲ್ಲಿ ಒಂದು "ಹೂಂ" ಹೊರಡಿಸುವುದು ಏನು ಮಹಾ ಎಂದುಕೊಂಡು ವಿಮಾನ ಹತ್ತಿದೆ.

ವಿಮಾನ ನಿಲ್ದಾಣ

ಇಳಿದ ಮೇಲೆ ನನ್ನ ಬ್ಯಾಗು ತೆರೆಸಿದರು. ಕಾಫಿಪುಡಿ, ಕಾಳುಮೆಣಸು, ಮಾವಿನಮಿಡಿ ಉಪ್ಪಿನಕಾಯಿ ಎಲ್ಲಕ್ಕೂ ಆ ಹುಡುಗ ತಲೆಯಾಡಿಸಿದ. ಅಕ್ಕಿಹಿಟ್ಟಿನ ಪೊಟ್ಟಣ ಕಂಡದ್ದೇ ತಡ, ಮುಖ ಗಂಭೀರವಾಯಿತು. ಇನ್ನೊಬ್ಬನನ್ನು ಕರೆದ. ಅವನು ನಾಯಿಯನ್ನು ಕರೆತಂದ. ನಾಯಿ ಮೂಸಿ ಸೀನಿತು. "ರೊಟ್ಟಿ ಹಿಟ್ಟು ಕಣೋ ಮಾರಾಯ, ನೀರು ಕೊಡು, ಇಲ್ಲೇ ತಟ್ಟಿ ತೋರಿಸ್ತೀನಿ" ಎಂದು ಕನ್ನಡದಲ್ಲೇ ಕೂಗಾಡಿದೆ. ಇಂಗ್ಲಿಷು ಬರುವುದಿಲ್ಲವೆಂದಲ್ಲ, ಹಾಸನದಲ್ಲಿ ಬಿ.ಎ. ಮಾಡಿದವಳು ನಾನು. ಆದರೆ ಸಿಟ್ಟು ಬಂದಾಗ ಅದು ಕೈಕೊಡುತ್ತದೆ.

ವಸು ಹೊರಗೆ ಕಾಯುತ್ತಿದ್ದಳು. ಪ್ಯಾಂಟು, ಉದ್ದ ಕೋಟು, ಕುತ್ತಿಗೆ ತನಕ ಕತ್ತರಿಸಿದ ಕೂದಲು. ತಬ್ಬಿಕೊಂಡಾಗ ಮಾತ್ರ ಹಳೆಯ ವಸುವೇ. ರೈಲಿನಲ್ಲಿ ಉತ್ತರಕ್ಕೆ ಹೊರಟೆವು. ಡಬ್ಬಿ ತುಂಬ ಜನ, ಒಬ್ಬರಾದರೂ ತುಟಿ ಬಿಚ್ಚಲಿಲ್ಲ. ಸಕಲೇಶಪುರದಲ್ಲಿ ಹಾಸನದ ಬಸ್ಸು ಹತ್ತಿದರೆ ಬಾಳ್ಳುಪೇಟೆ ಬರುವಷ್ಟರಲ್ಲಿ ಪಕ್ಕದವಳ ಗಂಡನ ಸಕ್ಕರೆ ಕಾಯಿಲೆಯವರೆಗೆ ಎಲ್ಲ ಗೊತ್ತಾಗಿರುತ್ತದೆ. ಇಲ್ಲಿ ಎದುರಿಗೆ ಕೂತ ಹೆಂಗಸನ್ನು ಎಷ್ಟು ಮಕ್ಕಳು ಎಂದು ಕೇಳಿದ್ದಕ್ಕೆ ವಸು ನನ್ನ ತೊಡೆ ಚಿವುಟಿದಳು.

ಮಾರ್ಗರೆಟ್ ಅವರ ಮನೆ

ಮಾರ್ಗರೆಟ್ ಎಂಬುವರ ಮನೆಯ ಮೇಲಿನ ಕೋಣೆಯಲ್ಲಿ ವಸು ಬಾಡಿಗೆಗಿದ್ದಳು. ಮಾರ್ಗರೆಟ್‌ಗೆ ಅರವತ್ತು ದಾಟಿತ್ತು. ಬಿಳಿ ಕೂದಲು, ಉಣ್ಣೆಯ ಚಪ್ಪಲಿ, ಮಡಿಲಲ್ಲಿ ಸದಾ ಬೆಕ್ಕು. ಮೊದಲು ಏನು ಕೆಲಸ ಮಾಡುತ್ತಿದ್ದರೆಂದು ಗೊತ್ತು, ಬರೆಯುವ ಹಾಗಿಲ್ಲ. ನನಗೆ ಕಂಡ ಮಟ್ಟಿಗೆ ಮೊಮ್ಮಕ್ಕಳ ಮೂಗು ಒರೆಸುವ ಅಜ್ಜಿ.

ಭಾನುವಾರ ಮಧ್ಯಾಹ್ನ ಇಬ್ಬರೂ ಕೋಟು ಹಾಕಿಕೊಂಡು ಹೊರಟರು. "ನಂಗೊಂದು ಮೀಟಿಂಗ್ ಐತೆ ಅಕ್ಕ. ಸಂಜೆ ಬಂದ್ಬುಡ್ತೀನಿ. ಟಿವಿ ನೋಡ್ಕಂಡಿರು" ಎಂದಳು ವಸು. ಸಮುದ್ರ ದಾಟಿ ಬಂದದ್ದು ಟಿವಿ ನೋಡಲಿಕ್ಕೆ? ನಾನೂ ಸೀರೆಯ ಮೇಲೆ ಸ್ವೆಟರ್ ಏರಿಸಿಕೊಂಡು ಬಾಗಿಲಲ್ಲಿ ನಿಂತೆ. ಎಂಥ ಮೀಟಿಂಗು, ಯಾರ ಮೀಟಿಂಗು ಎಂದು ಪಟ್ಟು ಹಿಡಿದೆ. ವಸು ಮಾರ್ಗರೆಟ್ ಮುಖ ನೋಡಿದಳು. ಆಮೇಲೆ ಕೋಟಿನಲ್ಲೇ ಕುರ್ಚಿಯ ಮೇಲೆ ಕೂತು ಹೇಳಿದಳು.

ಅವಳು ಹೇಳಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಪ್ರಪಂಚದಲ್ಲಿ ಕೆಲವರಿಗೆ ಕಟ್ಟಿಸಿಕೊಳ್ಳುವುದರಲ್ಲಿ, ಕೆಲವರಿಗೆ ಕಟ್ಟುವುದರಲ್ಲಿ, ಅಪ್ಪಣೆ ಮಾಡುವುದರಲ್ಲಿ, ಅಪ್ಪಣೆ ಪಾಲಿಸುವುದರಲ್ಲಿ, ಅಷ್ಟೇಕೆ, ಪೆಟ್ಟು ತಿನ್ನುವುದರಲ್ಲೂ ಒಂದು ಸುಖವಿರುತ್ತದಂತೆ. ಇಬ್ಬರೂ ಮೊದಲೇ ಕೂತು ಮಾತಾಡಿ ಒಪ್ಪಿರಬೇಕು. ಅದನ್ನು ಬಿಡಿಎಸ್‌ಎಂ ಎನ್ನುತ್ತಾರೆ. ಊರಿನಲ್ಲಿ ಅಂಥವರದೊಂದು ಬಳಗವಿದೆ. ತಿಂಗಳಿಗೊಮ್ಮೆ ಒಂದು ಪಬ್ಬಿನ ಮಹಡಿಯಲ್ಲಿ ಸೇರುತ್ತಾರೆ. ಅಲ್ಲಿ ಆ ಆಟ ಯಾವುದೂ ನಡೆಯುವುದಿಲ್ಲ, ಬರೀ ಮಾತು, ತಿಂಡಿ. ಅದನ್ನು ನಡೆಸುವವರು ಈ ಬೆಕ್ಕಿನ ಅಜ್ಜಿ. ನನ್ನ ತಂಗಿ ಆ ಬಳಗಕ್ಕೆ ಸೇರಿದವಳು.

ನನಗೆ ಕೂರಬೇಕೆನ್ನಿಸಿತು. ಕೂತೆ. ಸಿಟ್ಟು ಬಂದಿತ್ತು, ಹೆದರಿಕೆ ಅದಕ್ಕಿಂತ ಹೆಚ್ಚಾಗಿ ಬಂದಿತ್ತು. ಬಾಯಿಗೆ ಸಿಕ್ಕಿದ್ದು ಮಾತ್ರ ಜಗಳದ ಮಾತು.

"ಹೊಡೆಸ್ಕಳಕ್ಕೆ ಇಲ್ಲಿಗಂಟ ಬರ್ಬೇಕಿತ್ತೇನೇ? ನಮ್ ತೋಟದ ಲೈನ್ ಮನೆಗಳಲ್ಲಿ ಆಳಿನ ಹೆಂಗಸ್ರು ವಾರವಾರ ತಿಂತಾರೆ!"

"ಅವ್ರನ್ನ ಯಾರಾದ್ರೂ ಕೇಳಿ ಹೊಡೀತಾರಾ ಅಕ್ಕ?" ಎಂದಳು ವಸು. "ಇಲ್ಲಿ ಕೇಳ್ತಾರೆ. ಬ್ಯಾಡ ಅಂದ್ರೆ ಬುಟ್ಬುಡ್ತಾರೆ. ನೀನೇ ಬಂದು ನೋಡು ಬೇಕಾದ್ರೆ."

ಮಾರ್ಗರೆಟ್ ಬರಬಹುದೆಂದರು, ಆದರೆ ನಿಯಮ ಪಾಲಿಸಬೇಕು. ಬಸ್‌ಸ್ಟಾಪಿಗೆ ನಡೆಯುತ್ತ ಹೇಳಿಕೊಟ್ಟರು. ನಿಜವಾದ ಹೆಸರು ಹೇಳಬೇಕಿಲ್ಲ, ಬೇರೆಯವರದನ್ನು ಕೇಳಬಾರದು. ಎಲ್ಲಿ ಕೆಲಸ, ಎಲ್ಲಿ ಮನೆ, ಮದುವೆಯಾಗಿದೆಯೇ, ಯಾವುದನ್ನೂ ಕೇಳಬಾರದು. ಫೋಟೋ ತೆಗೆಯಬಾರದು. ಕೇಳದೆ ಯಾರನ್ನೂ ಮುಟ್ಟಬಾರದು, ಯಾರ ವಸ್ತುವನ್ನೂ ಮುಟ್ಟಬಾರದು. ಒಮ್ಮೆ ಬೇಡ ಎಂದವರನ್ನು ಮತ್ತೆ ಕೇಳಬಾರದು. ಅಲ್ಲಿ ಕಂಡವರು ಬೀದಿಯಲ್ಲಿ ಸಿಕ್ಕರೆ ಅವರಾಗಿ ಮಾತಾಡಿಸುವವರೆಗೆ ಗುರುತೇ ಇಲ್ಲದಂತೆ ಹೋಗಬೇಕು.

ನನಗೆ ತಲೆ ಚಿಟ್ಟು ಹಿಡಿಯಿತು. ಯಾವೂರು, ಯಾರ ಮಗ, ಏನು ಕೆಲಸ ಎಂದು ಕೇಳದೆ ಮನುಷ್ಯರು ಇನ್ನು ಏನು ಮಾತಾಡುತ್ತಾರೆ? ಮಡಿ ಮಾಡುವ ನಮ್ಮ ಸೋದರತ್ತೆಯ ಮನೆಯಲ್ಲೂ ಇಷ್ಟೊಂದು "ಬಾರದು" ಇರಲಿಲ್ಲ.

ಪಬ್ಬಿನ ಮಹಡಿ

ಮೆಟ್ಟಿಲು ಹತ್ತುವಾಗ ಛತ್ರಿಯನ್ನು ಗಟ್ಟಿಯಾಗಿ ಹಿಡಿದಿದ್ದೆ. ಯಾರಾದರೂ ಮೇಲೆ ಬಿದ್ದರೆ ಮೊದಲ ಏಟು ನನ್ನದಾಗಿರಲಿ ಎಂದು. ಒಳಗೆ ನೋಡಿದರೆ ನಮ್ಮ ಸಹಕಾರ ಸಂಘದ ವಾರ್ಷಿಕ ಸಭೆಯ ಹಾಗೆ ಜನ ಕೂತಿದ್ದರು. ಸಾಮಾನ್ಯ ಬಟ್ಟೆ, ಸಾಮಾನ್ಯ ಮುಖ. ಒಬ್ಬರು ಮಂಡಿನೋವಿನ ಬಗ್ಗೆ, ಇನ್ನೊಬ್ಬರು ಸೋರುವ ಚಾವಣಿಯ ಬಗ್ಗೆ ಹೇಳುತ್ತಿದ್ದರು. ಮೂಲೆಯಲ್ಲಿ ದಪ್ಪ ಕನ್ನಡಕದ ಗಂಡಸೊಬ್ಬ ಮಗುವಿನ ಕಾಲುಚೀಲ ಹೆಣೆಯುತ್ತಿದ್ದ. ಇದಕ್ಕಾ ನಾನು ದಾರಿಯುದ್ದಕ್ಕೂ ಪಂಚಾಕ್ಷರಿ ಜಪಿಸಿದ್ದು ಎಂದು ರೇಗಿಹೋಯಿತು.

ಹೆಸರು ಕೇಳಿದರು. ಹೊಳೆದದ್ದು ನಮ್ಮೂರ ಹೊಳೆ. "ಹೇಮಾವತಿ" ಎಂದೆ. ಹೆಣಿಗೆಯವನು ತನ್ನನ್ನು ಟಾಮ್ ಎಂದ.

ಕುರ್ಚಿಗಳು ಅಡ್ಡಾದಿಡ್ಡಿ ಇದ್ದವು, ಬರುವವರಿಗೆ ದಾರಿಯೇ ಇರಲಿಲ್ಲ. ನನಗೆ ಅಂಥದ್ದು ಕಂಡರೆ ಆಗುವುದಿಲ್ಲ. "ಇದನ್ನು ಅಲ್ಲಿಡಿ, ನೀವು ಈ ಕಡೆ ಬನ್ನಿ, ಆ ಕೋಟು ಮೊಳೆಗೆ ಹಾಕಿ" ಎಂದು ಎಲ್ಲರನ್ನೂ ಎಬ್ಬಿಸಿ ಸಾಲು ಮಾಡಿಸಿದೆ. ಒಬ್ಬರೂ ಎದುರಾಡಲಿಲ್ಲ. ಟಾಮ್ ಹೆಣಿಗೆ ಕೆಳಗಿಟ್ಟು ಬಹಳ ಮರ್ಯಾದೆಯಿಂದ ಕೇಳಿದ, "ಒಂದು ಪ್ರಶ್ನೆ ಕೇಳಬಹುದೇ? ಬೇಡವಾದರೆ ಉತ್ತರ ಹೇಳಬೇಡಿ. ತಾವು ಅಪ್ಪಣೆ ಮಾಡುವ ಕಡೆಯವರೇ?"

"ಅತ್ತೆಯೊಬ್ಬರನ್ನು ಬಿಟ್ಟು ಎಲ್ಲರಿಗೂ ಮಾಡುತ್ತೇನೆ" ಎಂದೆ. ಇಡೀ ಮೇಜು ಮೆಚ್ಚಿಕೊಂಡು ತಲೆಯಾಡಿಸಿತು. ಯಾಕೆಂದು ಬಸ್ಸಿನಲ್ಲಿ ವಸು ಹೇಳುವವರೆಗೆ ಅರ್ಥವಾಗಲಿಲ್ಲ. ಆಮೇಲೆ ಮೈಯೆಲ್ಲ ಉರಿಯಿತು.

ಪಕ್ಕದಲ್ಲಿ ರಾಬಿನ್ ಎಂಬ ಹೆಂಗಸು ಕೂತಿದ್ದಳು. ಅವಳ ಕತ್ತಿನಲ್ಲಿ ತೆಳುವಾದ ಬೆಳ್ಳಿಯ ಪಟ್ಟಿ, ಮುಂದೆ ಕಡಲೆಕಾಳಿನಷ್ಟು ಬೀಗ. ನಮ್ಮ ಕಡೆ ಹೊಸ ಸರ ಕಂಡರೆ ಹೆಂಗಸರು ಏನು ಮಾಡುತ್ತೇವೆ? ಮದುವೆ ಮನೆಯಲ್ಲಾಗಲಿ, ಸಂತೆಯಲ್ಲಾಗಲಿ, ಕೈಹಾಕಿ ಎತ್ತಿ, ತಿರುಗಿಸಿ, ತೂಗಿ ನೋಡಿ ಎಷ್ಟು ಗ್ರಾಂ ಎಂದು ಕೇಳುತ್ತೇವೆ. ಕೇಳದಿದ್ದರೆ ಹಾಕಿಕೊಂಡವಳಿಗೇ ಬೇಜಾರು. ನನ್ನ ಕೈ ನನ್ನನ್ನು ಕೇಳದೆಯೇ ಹೋಗಿ ಆ ಬೀಗ ಹಿಡಿದು ಎಳೆಯಿತು.

ಮಾರ್ಗರೆಟ್ ಎದ್ದು ಬಂದು, ದನಿ ಏರಿಸದೆ, "ಕೈ ತೆಗೆಯಿರಿ, ಹೇಮಾವತಿ" ಎಂದರು. ವಸು ಮುಖ ಮುಚ್ಚಿಕೊಂಡಿದ್ದಳು. ನಾನು ಕೈ ತೆಗೆದೆ.

ರಾಬಿನ್ ಮಾತ್ರ ಸಮಾಧಾನದಿಂದ ಹೇಳಿದಳು. ಅದು ಅವಳ ಜೊತೆಗಾರ ಹಾಕಿದ್ದು, ಅವರಿಬ್ಬರ ನಡುವಿನ ಒಪ್ಪಂದದ ಗುರುತು. ಬೇರೆಯವರು ಮುಟ್ಟುವಂಥದ್ದಲ್ಲ.

"ತಾಳಿ" ಎಂದೆ ನಾನು. ಹೇಗೋ ಅರ್ಥ ಹೇಳಿದೆ. ಅವಳು ನನ್ನ ಕತ್ತಿನ ಕಡೆ ನೋಡಿದಳು. "ಸುಂದರವಾಗಿದೆ. ನನ್ನ ಬೀಗಕ್ಕೆ ಎರಡು ಕೀಲಿಕೈ. ಒಂದು ಅವನ ಹತ್ತಿರ, ಒಂದು ನನ್ನ ಹತ್ತಿರ. ನಿಮ್ಮದಕ್ಕೆ?"

ನಾನು ನೀರಿನ ಲೋಟ ಎತ್ತಿಕೊಂಡೆ.

ಅಷ್ಟರಲ್ಲಿ ಕೆಳಗಿನಿಂದ ಪೈ ಬಂತು. ಚೀಸು, ಈರುಳ್ಳಿ ತುಂಬಿ ಸುಟ್ಟ ದೊಡ್ಡ ಕಡುಬು ಎಂದುಕೊಳ್ಳಿ. ಮಾಂಸವಿಲ್ಲ ಎಂದು ವಸು ಮೊದಲೇ ಹೇಳಿದ್ದಳು. ಬೆಳಿಗ್ಗೆ ತಿಂದ ಒಣ ಬ್ರೆಡ್ಡು ಎಂದೋ ಕರಗಿತ್ತು. ಬಿಸಿ ಪೈಯ ಪರಿಮಳಕ್ಕೆ ಹೊಟ್ಟೆ ತಾಳ ಹಾಕತೊಡಗಿತು. ಟಾಮ್ ತಟ್ಟೆ ಹಿಡಿದು "ಒಂದು ತುಂಡು?" ಎಂದ.

"ಅಯ್ಯೋ, ಬೇಡ ಬೇಡ" ಎಂದೆ.

ಮತ್ತೇನು ಅನ್ನುವುದು? ಮೊದಲ ಸಲ ಕೇಳಿದಾಗಲೇ ಕೈಚಾಚಲು ನಾನೇನು ಊಟ ಕಾಣದವಳೇ? ಅವರು ಇನ್ನೊಮ್ಮೆ ಕೇಳಬೇಕು, ನಾನು ಹೊಟ್ಟೆ ತುಂಬಿದೆ ಎನ್ನಬೇಕು, ಅವರು ಒಂದೇ ಒಂದು ಎಂದು ಬಡಿಸಬೇಕು, ನಾನು ಗೊಣಗುತ್ತ ತಿನ್ನಬೇಕು. ಇದು ಲೋಕರೂಢಿ ಎಂದೇ ನಾನು ತಿಳಿದಿದ್ದೆ. ಟಾಮ್ "ಸರಿ" ಎಂದ. ತಟ್ಟೆ ರಾಬಿನ್ ಕಡೆ ಹೋಯಿತು. ಅಲ್ಲಿಂದ ಆಚೆ ಹೋಯಿತು. ಒಂದು ಸುತ್ತು ಬಂದು ನನ್ನ ಮೂಗಿನ ಕೆಳಗೇ ಹಾದು ಹೋಯಿತು. ಯಾರೂ ಕೇಳಲಿಲ್ಲ. ನಾನು ತಟ್ಟೆಯನ್ನೇ ನೋಡಿದೆ, ಗಂಟಲು ಸರಿಮಾಡಿಕೊಂಡೆ, "ಒಳ್ಳೇ ವಾಸನೆ" ಎಂದೆ. "ಹೌದಲ್ಲವೇ?" ಎಂದು ಕೊನೆಯ ತುಂಡನ್ನು ಯಾರೋ ಬಾಯಿಗಿಟ್ಟುಕೊಂಡರು.

ವಾಪಸು ಬಸ್ಸಿನಲ್ಲಿ

"ಹಸಿವಲ್ಲಿ ಸಾಯ್ತಿದೀನಿ ಕಣೇ. ಎಂಥ ಜನ ಇವ್ರು? ಮನೆಗೆ ಬಂದೋಳಿಗೆ ಒಂದ್ ತುಂಡು ಬಡ್ಸಕ್ಕೆ ಗತಿ ಇಲ್ವಾ?"

"ಕೇಳಿದ್ರಲ್ಲ ಅಕ್ಕ. ನೀನೇ ಬ್ಯಾಡ ಅಂದೆ."

"ಬ್ಯಾಡ ಅಂದ್ರೆ ಬ್ಯಾಡ ಅಂತನಾ?"

"ಇಲ್ಲಿ ಹೌದು" ಎಂದಳು ವಸು.

ಮುಂದಿನ ಸೀಟಿನಲ್ಲಿದ್ದ ಮಾರ್ಗರೆಟ್, ವಸು ಹೇಳಿ ವಿಷಯ ತಿಳಿದು, ಪಾಪ ತುಂಬ ನೊಂದುಕೊಂಡರು. ಹಾಗಾದರೆ ನಿಮ್ಮ ಊರಿನಲ್ಲಿ ನಿಜವಾಗಿಯೂ ಬೇಡದವರು ಏನು ಹೇಳುತ್ತಾರೆ ಎಂದು ಕೇಳಿದರು. ನಾನು ಯೋಚಿಸಿದೆ. ಅವರೂ ಬೇಡ ಎಂದೇ ಹೇಳುತ್ತಾರೆ. ಮತ್ತೆ ವ್ಯತ್ಯಾಸ ಹೇಗೆ ತಿಳಿಯುತ್ತದೆ ಎಂದರು ಮಾರ್ಗರೆಟ್. ತಿಳಿಯುವುದಿಲ್ಲ, ಇಬ್ಬರಿಗೂ ಬಡಿಸುತ್ತೇವೆ. ಇದನ್ನು ಇಂಗ್ಲಿಷಿನಲ್ಲಿ ಹೇಳುವಾಗ ನನಗೇ ಒಂಥರಾ ಆಯಿತು. ಹಾಗೆ ಆದದ್ದಕ್ಕೂ ಸಿಟ್ಟು ಬಂತು.

ತಮ್ಮ ಆಟದಲ್ಲೂ ಒಮ್ಮೊಮ್ಮೆ ಹಾಗಾಗುತ್ತದೆ, ಬೇಡ ಎನ್ನುವುದು ಆಟದ ಮಾತೇ ಆಗಿರಬಹುದು ಎಂದರು ಮಾರ್ಗರೆಟ್. ಅದಕ್ಕೇ ಪ್ರತಿಯೊಬ್ಬರೂ ಮೊದಲೇ ಒಂದು ಬೇರೆ ಶಬ್ದ ಗೊತ್ತುಮಾಡಿ ಹೇಳಿರುತ್ತಾರೆ. ಆ ಶಬ್ದ ಬಾಯಿಂದ ಬಂದರೆ ಆ ಕ್ಷಣವೇ ಎಲ್ಲ ನಿಲ್ಲಬೇಕು. ಮತ್ತೆ ಚರ್ಚೆ ಇಲ್ಲ.

"ನಿಂದು ಯಾವ್ದೇ?" ಎಂದು ವಸುವನ್ನು ಕೇಳಿದೆ.

ಅವಳು ಕಿಟಕಿಯ ಕಡೆ ನೋಡಿಕೊಂಡು ಹೇಳಿದಳು. "ಆಲೂರು."

ನನಗೆ ನಗು ಬಂದುಬಿಟ್ಟಿತು. ಅವಳೂ ನಕ್ಕಳು. ಆಮೇಲೆ ಮೆಲ್ಲಗೆ, "ಒಬ್ಬ ಇದಾನೆ ಅಕ್ಕ. ಅಲ್ಲೇ ಇದ್ದ. ಯಾರು ಅಂತ ಮಾತ್ರ ಕೇಳ್ಬ್ಯಾಡ, ನಾನೇ ಹೇಳ್ತೀನಿ ಒಂದಿನ" ಎಂದಳು. ಇದಕ್ಕಿಂತ ಹಿಂಸೆ ಉಂಟೇ? ಉಳಿದ ಅಷ್ಟೂ ದಿನ ಆ ಕೋಣೆಯ ಗಂಡಸರನ್ನೆಲ್ಲ ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಿ ನೋಡಿದೆ. ಟಾಮ್ ಒಬ್ಬ ಆಗದಿರಲಪ್ಪ ಶಿವನೇ ಎಂದು ಬೇಡಿಕೊಂಡೆ.

ಸಂತೆ

ಆ ಊರಿನಲ್ಲೂ ವಾರದ ಸಂತೆ ಇದೆ. ಮಳೆಗೆ ಚಾವಣಿ ಹಾಕಿದ ಕಟ್ಟಡ, ಸಾಲಾಗಿ ತರಕಾರಿ ಅಂಗಡಿ, ಕೂಗಾಟವಿಲ್ಲ. ನಾನೂ ವಸುವೂ ಆಲೂಗಡ್ಡೆ ಆರಿಸುತ್ತಿದ್ದೆವು. ಅಂಗಡಿಯವಳು ಆರಿಸಬಾರದೆಂದು ಗದರಿದಳು, ಅದು ಬೇರೆ ಕಥೆ. ತಲೆ ಎತ್ತಿದರೆ ಎದುರಿಗೆ ಟಾಮ್! ಪಕ್ಕದಲ್ಲಿ ಹೆಂಡತಿ, ತಳ್ಳುಗಾಡಿಯಲ್ಲಿ ಮೊಮ್ಮಗು. ಅಪರಿಚಿತ ಮುಖಗಳನ್ನೇ ನೋಡಿ ನೋಡಿ ಬೇಸತ್ತವಳಿಗೆ ಗುರುತಿನ ಮುಖ ಕಂಡರೆ ಹೇಗಾಗಬೇಡ? "ಟಾಮ್! ನಾನು ಹೇಮಾವತಿ! ಭಾನುವಾರ ಪಬ್ಬಲ್ಲಿ!" ಎಂದು ತೋಟದ ಆ ತುದಿಗೆ ಕೇಳುವ ದನಿಯಲ್ಲಿ ಕೂಗಿ ಕೈಬೀಸಿದೆ.

ಅವನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. ಹೆಂಡತಿ ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಟಾಮ್ ಯಾರು ಎಂದು ಕೇಳಿದಳು. ಅವನ ನಿಜ ಹೆಸರು ಅದಲ್ಲವಲ್ಲ. ಅವನು ಏನೋ ತೊದಲಿ, ಬೇರೆ ಯಾರೋ ಎಂದುಕೊಂಡು ಕರೆಯುತ್ತಿದ್ದಾರೆ ಎಂದು ಹೇಳಿ ಗಾಡಿ ತಳ್ಳಿಕೊಂಡು ಹೋಗಿಬಿಟ್ಟ.

ವಸು ನನ್ನನ್ನು ಕಟ್ಟಡದ ಹಿಂದಕ್ಕೆ ಎಳೆದೊಯ್ದಳು. ಅವಳು ಅಷ್ಟು ಸಿಟ್ಟಾದದ್ದನ್ನು ನಾನು ನೋಡಿಯೇ ಇರಲಿಲ್ಲ. "ಏನ್ ಮಾಡ್ಬುಟ್ಟೆ ಅಕ್ಕ! ಅವ್ರ ಮನೇಲಿ ಗೊತ್ತಿಲ್ಲ. ನಾಳೆ ನನ್ನನ್ನೂ ಆಸ್ಪತ್ರೆ ಬಾಗ್ಲಲ್ಲಿ ನಿಂತ್ಕಂಡು ಯಾರಾದ್ರೂ ಹಿಂಗೆ ಕೂಗಿದ್ರೆ? ನನ್ ಕೆಲ್ಸ ಏನಾಗ್ತದೆ?"

"ನಮ್ಮೂರಲ್ಲಿ ಗುರುತಿರೋರು ಕಂಡೂ ಮಾತಾಡಿಸ್ದೆ ಹೋದ್ರೆ ಏನಾಗ್ತದೆ ನಿಂಗ್ ಗೊತ್ತಿಲ್ವಾ?" ಎಂದೆ. ನಿಜವೇ. ಸಕಲೇಶಪುರದ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಕಾಣದೆ ಮುಂದೆ ಹೋದ ತಪ್ಪಿಗೆ ನಮ್ಮ ಯಜಮಾನರ ದಾಯಾದಿಗಳು ಈಗಲೂ ನಮ್ಮ ಮನೆಯ ಕಾರ್ಯಕ್ಕೆ ಬರುವುದಿಲ್ಲ.

"ಇದು ನಿಮ್ಮೂರಲ್ಲ" ಎಂದಳು. "ನಮ್ಮೂರು" ಎನ್ನದೆ "ನಿಮ್ಮೂರು" ಎಂದಳು. ತರಕಾರಿ ಚೀಲ ಹಿಡಿದು ಅವಳ ಹಿಂದೆ ನಡೆದೆ.

ಸಂಜೆ ಟಾಮ್ ಮಾರ್ಗರೆಟ್‌ಗೆ ಫೋನು ಮಾಡಿದನಂತೆ. ಹೆಂಡತಿ ನಂಬಿದ್ದಳು. ನನ್ನ ಮೇಲೆ ಬೇಸರವಿಲ್ಲವೆಂದೂ, ಆದರೆ ದಯವಿಟ್ಟು ಇನ್ನು ಹಾಗೆ ಮಾಡಬಾರದೆಂದೂ ತಿಳಿಸಲು ಹೇಳಿದ್ದ. ಬೈದಿದ್ದರೆ ನಾನೂ ಬೈಯುತ್ತಿದ್ದೆ. ಇಷ್ಟು ಮರ್ಯಾದೆಯಿಂದ ಹೇಳಿದರೆ ಮನುಷ್ಯರು ಏನು ಮಾಡಬೇಕು? ಆ ರಾತ್ರಿ ಅನ್ನ ಸೇರಲಿಲ್ಲ.

ರೊಟ್ಟಿ ತಟ್ಟಿದ ದಿನ

ಹೊರಡುವ ಹಿಂದಿನ ದಿನ ಬೆಳಿಗ್ಗೆಯವರೆಗೂ ನಾನು ಬಂದ ಕೆಲಸ ಬಾಯಿಗೆ ಬಂದಿರಲಿಲ್ಲ. ವಸುವಿಗೆ ಅದು ಗೊತ್ತಿತ್ತು. ಎರಡು ಮೂರು ದಿನದಿಂದ ನನ್ನ ಎದುರಿಗೆ ಬಂದಾಗಲೆಲ್ಲ ಅವಳ ಭುಜ ಬಿಗಿದುಕೊಳ್ಳುತ್ತಿತ್ತು. ಚಿಕ್ಕಂದಿನಲ್ಲಿ ಎಣ್ಣೆಸ್ನಾನಕ್ಕೆ ಕರೆದಾಗ ಹಾಗೇ ನಿಲ್ಲುತ್ತಿದ್ದಳು.

ನಾಯಿ ಮೂಸಿದ ಹಿಟ್ಟಿನಲ್ಲಿ ರೊಟ್ಟಿ ತಟ್ಟುತ್ತಿದ್ದೆ. ಮಾರ್ಗರೆಟ್ ಹೊರಗೆ ಹೋಗಿದ್ದರು. ವಸು ಮೇಜಿನ ಹತ್ತಿರ ಕೂತಿದ್ದಳು. ನಾನು ತಿರುಗದೆಯೇ ಕೇಳಿದೆ.

"ಆಲೂರಿನ ಹುಡುಗನ್ನ ಮದ್ವೆ ಆಗ್ತೀಯಾ ವಸು?"

"ಇಲ್ಲ ಅಕ್ಕ. ಬ್ಯಾಡ."

ನನ್ನ ಹತ್ತಿರ ಸಿದ್ಧವಾಗಿದ್ದ ಮಾತುಗಳು ಒಂದೆರಡಲ್ಲ. ಅಪ್ಪಾಜಿ ಕೊಟ್ಟ ಮಾತು, ಅವ್ವನ ರಕ್ತದೊತ್ತಡ, ಅವಳ ವಯಸ್ಸು, ಜನ ಏನಂದಾರು. ವಿಮಾನದಲ್ಲಿ ನಿದ್ದೆಗೆಟ್ಟು ಒಂದರ ಹಿಂದೆ ಒಂದು ಜೋಡಿಸಿಟ್ಟುಕೊಂಡಿದ್ದೆ. ಮೊದಲನೆಯದು ನಾಲಗೆಯ ತುದಿಗೆ ಬಂತು. ಕಚ್ಚಿಕೊಂಡೆ. ಎರಡನೆಯದು ಬಂತು. ಇಷ್ಟು ಕಷ್ಟದ ಕೆಲಸ ನಾನು ಜನ್ಮದಲ್ಲಿ ಮಾಡಿರಲಿಲ್ಲ. ಸೆರಗು ಬಾಯಿಗೆ ತುರುಕಿಕೊಳ್ಳೋಣವೇ ಎನ್ನಿಸಿತು. ಕಾವಲಿಯ ಮೇಲೆ ರೊಟ್ಟಿ ಸೀದು ಹೊಗೆಯೆದ್ದಿತು. ತೆಗೆದು ಇನ್ನೊಂದು ತಟ್ಟಿದೆ.

ಹಿಂದೆ ಕುರ್ಚಿ ಕಿರುಗುಟ್ಟಿತು. "ಆಮೇಲೆ?" ಎಂದಳು ವಸು.

"ಆಮೇಲೇನೂ ಇಲ್ಲ. ತಟ್ಟೆ ತಗಾ."

ಅವಳು ತಟ್ಟೆ ತೆಗೆದುಕೊಳ್ಳಲಿಲ್ಲ. ತಿರುಗಿ ನೋಡಿದರೆ ಕೈಯಲ್ಲಿ ಮುಖ ಹುದುಗಿಸಿಕೊಂಡು ಅಳುತ್ತಿದ್ದಳು. "ಜಗಳಕ್ಕೆ ರೆಡಿಯಾಗಿ ಕೂತಿದ್ದೆ ಅಕ್ಕ" ಎಂದಳು. "ನೀ ಬರ್ತೀನಿ ಅಂದ ದಿನದಿಂದ ಏನೇನ್ ಹೇಳ್ಬೇಕು ಅಂತ ಕಲ್ತ್ಕಂಡಿದ್ದೆ. ಹಿಂಗ್ ಬುಟ್ಬುಡ್ತೀಯ ಅಂತ ಗೊತ್ತಿದ್ರೆ..."

ಅವಳ ತಲೆ ಸವರಬೇಕೆನ್ನಿಸಿತು. ಕೈ ಎತ್ತಿದವಳು ತಡೆದು, "ಮುಟ್ಲೇನೇ?" ಎಂದು ಕೇಳಿದೆ. ಅಳುವಿನ ಮಧ್ಯೆ ಅವಳಿಗೆ ನಗು ಬಂತು. "ಥೂ, ನೀನ್ ಅಕ್ಕ ಕಣೇ" ಎಂದು ನನ್ನ ಹಿಟ್ಟಿನ ಕೈಯನ್ನು ತಾನೇ ಎಳೆದು ತಲೆಯ ಮೇಲಿಟ್ಟುಕೊಂಡಳು.

ಅವಳ ಬಳಗವನ್ನು ನಾನು ಒಪ್ಪಿಬಿಟ್ಟೆ ಎಂದು ಯಾರೂ ತಿಳಿಯಬೇಡಿ. ಹಗ್ಗ ಕಟ್ಟಿಸಿಕೊಂಡು ಏನು ಸುಖವೋ ನನಗೆ ಇವತ್ತಿಗೂ ಗೊತ್ತಿಲ್ಲ, ಯೋಚಿಸಿದರೆ ರೇಗುತ್ತದೆ. ಆದರೆ ನನ್ನ ತಂಗಿಯನ್ನು ಏನು ಬೇಕು ಎಂದು ಕೇಳಿ, ಅವಳು 'ಬೇಡ' ಎಂದರೆ ಅಲ್ಲಿಗೇ ನಿಲ್ಲಿಸುವ ಜನ ಅವಳಿಗೆ ಸಿಕ್ಕಿದ್ದಾರೆ. ಅದನ್ನು ಇಲ್ಲ ಎನ್ನಲಾರೆ.

ಊರಿಗೆ ಫೋನು

ಮಧ್ಯಾಹ್ನ ಫೋನು ಮಾಡಿದೆ. ಅಪ್ಪಾಜಿ ಪಕ್ಕದಲ್ಲೇ ಕಾಯುತ್ತಿದ್ದರೆಂದು ಕಾಣುತ್ತದೆ, ಮೊದಲ ರಿಂಗಿಗೇ ಎತ್ತಿದರು. ವಸು ಬಾಗಿಲಿಗೆ ಒರಗಿ ನಿಂತಿದ್ದಳು.

"ಏನಂದ್ಲು?"

"ಬ್ಯಾಡ ಅಂದ್ಲು ಅಪ್ಪಾಜಿ."

"ಅದು ಗೊತ್ತಿರೋದೇ. ಆಮೇಲೇನಂದ್ಲು?"

"ಆಮೇಲೆ ನಾನ್ ಕೇಳ್ಲಿಲ್ಲ."

ಅವ್ವ ಏನಾಯಿತೆಂದು ಕೇಳುತ್ತಿದ್ದದ್ದು ದೂರದಿಂದ ಕೇಳಿಸಿತು.

"ಅಲ್ಲ ಕಣವ್ವ, ಎಷ್ಟು ಸಲ ಕೇಳ್ದೆ ನೀನು?"

"ಒಂದ್ಸಲ."

"ಒಂದ್ಸಲ ಕೇಳಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ?"

"ಹೂಂ ಅಪ್ಪಾಜಿ" ಎಂದೆ. "ಅಲ್ಲೇ ಇದ್ದಿದ್ರೆ ಒಂದೇ ಸಲಕ್ಕೆ ನಿಲ್ಸಕ್ಕೆ ನಂಗೆ ಬರ್ತಿರ್ಲಿಲ್ಲ."